ಆಷಾಢದಲ್ಲಿ ಮನೆ ಖಾಲಿ ಮಾಡಬಾರದು

ಬಾಡಿಗೆ ಮನೆ ವಾಸಿಯೋ ಸ್ವಂತ ಮನೆ ವಾಸಿಯೋ ಎಂದು ಯಾರಾದರೂ ಕೇಳಿದರೆ, ಮಳೆಗಾಲಕ್ಕೆ ಮುಂಚೆ ಕೇಳುತ್ತಿದ್ದೀರೋ ಆಮೇಲೆ ಕೇಳುತ್ತಿದ್ದೀರೋ ಎಂದು ನಾನು ತಿರುಗಿ ಕೇಳುತ್ತೇನೆ. ಬೇಸಿಗೆಯಲ್ಲಿ ಎಲ್ಲರಿಗೂ ಸ್ವಂತ ಮನೆಯ ಆಸೆ. ಹೆಂಚು ಸೋರಲು ಶುರುವಾದ ಮೇಲೆ ಬಾಡಿಗೆ ಮನೆಯವನೇ ಪುಣ್ಯವಂತ. ಸೋರುವ ಚಿಂತೆ ಮಾಲೀಕನದು. ಸೋರುವ ನೀರು ಮಾತ್ರ ನಮ್ಮದು. ಅಡಿಗೆಮನೆಯ ಪಾತ್ರೆಗಳನ್ನೆಲ್ಲ ಹಾಲ್‌ನಲ್ಲಿ ಸಾಲಾಗಿ ಇಟ್ಟುಕೊಂಡು, ಅವುಗಳಲ್ಲಿ ಟಪಟಪ ಬೀಳುವ ಹನಿಗಳನ್ನು ಕೇಳುತ್ತಾ, "ನಮ್ಮದಲ್ಲವಲ್ಲ ಮನೆ" ಎಂದು ನೆಮ್ಮದಿಯಾಗಿ ಕೂತಿರುವ ಸುಖ ಸ್ವಂತ ಮನೆ ಕಟ್ಟಿಸಿದವನಿಗೆ ಹೇಗೆ ಗೊತ್ತಾಗಬೇಕು? ನಾನು ಆ ಸುಖವನ್ನು ಬಹಳ ವರ್ಷ ಅನುಭವಿಸಿದ್ದೇನೆ. ಅದರ ಜೊತೆಗೆ ಒಂದು ಪಾಪವನ್ನೂ ಕಟ್ಟಿಕೊಂಡಿದ್ದೇನೆ. ಪಾಪವನ್ನು ಆಗಲೇ ಒಪ್ಪಿಕೊಂಡೆ. ಆದರೆ ಒಪ್ಪಿಕೊಂಡಾಗ ಯಾರೂ ನಂಬಲಿಲ್ಲ. ಅದರಿಂದಾಗಿ ಈ ವಯಸ್ಸಿನಲ್ಲಿ ಇನ್ನೊಂದು ಸಲ ಬರೆದು ಒಪ್ಪಿಕೊಳ್ಳಬೇಕಾಗಿದೆ.

ಮದುವೆಯಾದ ಹೊಸದರಲ್ಲಿ ನಾವು ಮಲ್ಲೇಶ್ವರದ ಒಂದು ವಠಾರದಲ್ಲಿದ್ದೆವು. ಆ ಮನೆ ಹುಡುಕುವಾಗಲೇ ನನಗೆ ಬಾಡಿಗೆದಾರನ ಸ್ಥಾನಮಾನ ಏನೆಂದು ಅರ್ಥವಾಗಿತ್ತು. ಮನೆಯೊಡತಿ ಬಾಗಿಲಲ್ಲೇ ನಿಲ್ಲಿಸಿ, "ಎಷ್ಟು ಜನ?" ಎಂದು ಕೇಳಿದರು. "ಇಬ್ಬರೇ" ಎಂದೆ. ನನ್ನ ಹಿಂದೆ ತಲೆ ತಗ್ಗಿಸಿ ನಿಂತಿದ್ದ ಹೊಸ ಹೆಂಡತಿಯನ್ನು ಮೇಲಿಂದ ಕೆಳಗೆ ನೋಡಿ, "ಇಬ್ಬರೇ ಇರ್ತೀರಾ ಅಂತ ಏನು ಗ್ಯಾರಂಟಿ?" ಎಂದರು. ಆ ಪ್ರಶ್ನೆಗೆ ಯಾವ ಗಂಡಸು ತಾನೇ ಉತ್ತರ ಕೊಡಬಲ್ಲ? ಮನೆಯೇನೋ ಸಿಕ್ಕಿತು. ಆದರೆ ಗೋಡೆಗೆ ಒಂದು ಮೊಳೆ ಹೊಡೆಯಬೇಕಾದರೂ ಅಪ್ಪಣೆ ಬೇಕು. ತೀರಿಕೊಂಡ ನಮ್ಮ ತಂದೆಯವರ ಪಟ ತೂಗುಹಾಕಬೇಕೆಂದು ಕೇಳಿಕೊಂಡಾಗ ಆಕೆ ಗೋಡೆಯನ್ನೊಮ್ಮೆ ತಟ್ಟಿ ನೋಡಿ, "ನಿಮ್ಮ ತಂದೆ ತೂಕವಾಗಿದಾರಾ?" ಎಂದು ಕೇಳಿದರು. ತಂದೆಯವರು ಜೀವಮಾನವೆಲ್ಲ ಸಣಕಲಾಗಿದ್ದರು. ಆದರೂ ಆ ಮನೆಯಲ್ಲಿ ಅವರು ಟ್ರಂಕಿನ ಮೇಲೆ ಗೋಡೆಗೆ ಒರಗಿಕೊಂಡೇ ಇರಬೇಕಾಯಿತು.

ನನಗೆ ಕೆಲಸ ಯಶವಂತಪುರದ ಕಡೆ ಒಂದು ಕಾರ್ಖಾನೆಯ ಸ್ಟೋರ್ಸ್‌ನಲ್ಲಿ. ಎಸ್ಸೆಸ್ಸೆಲ್ಸಿ ಪಾಸು ಮಾಡಿದ್ದ ನಾನು ಅಲ್ಲಿ ಗುಮಾಸ್ತ. ಸೈಕಲ್ ತುಳಿಯುವ ದೂರ ಕಡಿಮೆಯಾಗಲಿ ಎಂದು ಮತ್ತಿಕೆರೆಯಲ್ಲಿ ಮನೆ ಹಿಡಿದೆ. ಆಗ ಮತ್ತಿಕೆರೆ ಇನ್ನೂ ಹಳ್ಳಿ. ಸುತ್ತ ರಾಗಿ ಹೊಲ, ಸೀಬೆ ತೋಟ, ದ್ರಾಕ್ಷಿ ಚಪ್ಪರ. ಅಲ್ಲಿನ ಒಕ್ಕಲಿಗರು ಕಾರ್ಖಾನೆಗಳ ಜನಕ್ಕೆಂದು ತಮ್ಮ ಹಿತ್ತಲಲ್ಲಿ ಒಂದೆರಡು ಮನೆ ಕಟ್ಟಿ ಬಾಡಿಗೆಗೆ ಕೊಡಲು ಆಗತಾನೇ ಕಲಿಯುತ್ತಿದ್ದರು. ನಮ್ಮ ಮಾಲೀಕರು ಪಿಳ್ಳಪ್ಪನವರು. ದನದ ಕೊಟ್ಟಿಗೆಯ ಪಕ್ಕದಲ್ಲಿ ಒಂದೇ ಒಂದು ಹೆಂಚಿನ ಮನೆ ಕಟ್ಟಿದ್ದರು. ಮುಂದೆ ಜಗಲಿ, ಹಿಂದೆ ಬಾವಿ, ಪಕ್ಕದಲ್ಲಿ ಒಂದು ನೇರಳೆ ಮರ.

ಪಿಳ್ಳಪ್ಪನವರಿಗೆ ಮಾಲೀಕನಾಗುವುದು ಹೇಗೆಂದು ಗೊತ್ತೇ ಇರಲಿಲ್ಲ. ಮೊಳೆ ಹೊಡೆಯಲು ಅಪ್ಪಣೆ ಕೇಳಿದರೆ ಸುತ್ತಿಗೆ ತಂದು ತಾವೇ ಹೊಡೆದುಕೊಟ್ಟರು. ನಮ್ಮ ತಂದೆಯವರು ಕೊನೆಗೂ ಗೋಡೆ ಹತ್ತಿದರು. ತಿಂಗಳಾದಾಗ ಬಾಡಿಗೆ ಕೊಡಲು ಹೋದರೆ ನೆಂಟರ ಮನೆಯಲ್ಲಿ ಮುಯ್ಯಿ ತೆಗೆದುಕೊಳ್ಳುವವರ ಹಾಗೆ ನಾಚಿಕೊಂಡು, "ಈಗೇನ್ ಅರ್ಜೆಂಟು ಸ್ವಾಮೀ" ಎನ್ನುವರು. ಸೊಗಡು ಅವರೆಕಾಯಿ ಕಾಲದಲ್ಲಿ ಒಂದು ಕುಕ್ಕೆ ಕಾಯಿ ತಂದು ಜಗಲಿಯ ಮೇಲೆ ಸುರಿದು ಹೋಗುವರು. ಇವಳು, ಅಂದರೆ ನನ್ನ ಹೆಂಡತಿ ಸರಸ, ಮೂರು ದಿನ ಹಿತಕಿದಬೇಳೆ ಸಾರು ಮಾಡುವಳು. ಎಲ್ಲಕ್ಕಿಂತ ಹೆಚ್ಚಾಗಿ ಪಿಳ್ಳಪ್ಪನವರಿಗೆ ಓದಿದವರೆಂದರೆ ದೇವರ ಸಮಾನ. ಮಳೆ ಬರುತ್ತದೋ ಇಲ್ಲವೋ ಎಂದು ನನ್ನನ್ನು ಕೇಳುವರು. ಸ್ಟೋರ್ಸ್‌ನಲ್ಲಿ ಬೋಲ್ಟು ನಟ್ಟು ಎಣಿಸುವ ನನಗೆ ಮಳೆಯ ವಿಷಯ ಏನು ಗೊತ್ತು? ಆದರೂ ಆಕಾಶ ನೋಡಿ, "ಬರಬಹುದು" ಎನ್ನುತ್ತಿದ್ದೆ. ಬಂದರೆ ನನ್ನ ವಿದ್ಯೆ. ಬರದಿದ್ದರೆ ಅವರ ಹಣೆಬರಹ. ಹೀಗೆ ನನ್ನ ಮಾತಿಗೆ ಆ ಮನೆಯಲ್ಲಿ ಬೆಲೆ ಬಂತು. ಆ ಬೆಲೆಯನ್ನು ನಾನು ಖರ್ಚು ಮಾಡಿದ ರೀತಿಯೇ ಈ ಪ್ರಬಂಧದ ವಿಷಯ.

ಒಂದು ವರ್ಷ ಬೇಸಿಗೆಯಲ್ಲಿ ಅವರ ಒಬ್ಬಳೇ ಮಗಳು ರತ್ನಳ ಮದುವೆಯಾಯಿತು. ಗಂಡು ಬಾಗಲೂರಿನವನು, ಕೆಂಪಣ್ಣ ಎಂದು ಹೆಸರು, ಗೊರಗುಂಟೆಪಾಳ್ಯದ ಹತ್ತಿರದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ನಾನೂ ಹೋಗಿ ಚೆನ್ನಾಗಿ ಉಂಡು ಬಂದಿದ್ದೆ. ಅದಾದ ಕೆಲವು ದಿನಕ್ಕೆ ಪಿಳ್ಳಪ್ಪನವರು ಒಂದು ಸಂಜೆ ಬಂದು ಜಗಲಿಯ ಮೇಲೆ ಕುಳಿತರು. ಮಳೆಯ ಬಗ್ಗೆ ಮಾತಾಡಿದರು. ಎತ್ತಿನ ಕಾಲುಬಾಯಿ ಜ್ವರದ ಬಗ್ಗೆ ಮಾತಾಡಿದರು. ಎದ್ದು ಹೋದರು. ಮತ್ತೆ ವಾಪಸು ಬಂದು, ಟವೆಲ್ಲು ಕೈಗೆ ಸುತ್ತಿಕೊಳ್ಳುತ್ತಾ ನಿಂತೇ ಹೇಳಿದರು.

"ಸ್ವಾಮೀ, ತಪ್ ತಿಳ್ಕಾಬ್ಯಾಡಿ. ಬೀಗ್ರಿಗೆ ಒಂದ್ ಮಾತು ಕೊಟ್ಬುಟ್ಟಿವ್ನಿ. ಹುಡ್ಗ ಇಲ್ಲೇ ಫ್ಯಾಕ್ಟ್ರಿನಾಗೆ ಅವ್ನೆ. ಗಂಡ ಎಂಡ್ತಿ ಇರಾಕೆ ಒಂದ್ ಮನೆ ಕೊಡ್ತೀನಿ ಅಂದ್ಬುಟ್ಟೆ. ನನ್ತಾವ ಇರಾದು ಇದೊಂದೇ ಮನೆ. ನಿಮ್ಗೆ ಎಲ್ಲಾರ ಬ್ಯಾರೆ ಕಡೆ ಸಿಗಾಂಗಿದ್ರೆ..."

ಅಲ್ಲಿಗೇ ನಿಲ್ಲಿಸಿ ಟವೆಲ್ಲನ್ನು ಕೈಗೆ ಇನ್ನೊಂದು ಸುತ್ತು ಸುತ್ತಿಕೊಂಡರು. ಇಂಥ ಮನೆ, ಇಂಥ ಮಾಲೀಕ, ಇಂಥ ಅವರೆಕಾಯಿ ಬಿಟ್ಟು ಮತ್ತೆ ಯಾವ ಮನೆಯೊಡತಿಯ ಬಾಗಿಲಲ್ಲಿ ನಿಲ್ಲುವುದು? ಗೋಡೆ ನೋಡಿದೆ. ಗೋಡೆಯ ಮೇಲೆ ತಂದೆಯವರ ಪಟ. ಪಕ್ಕದ ಮೊಳೆಯಲ್ಲಿ ಪಂಚಾಂಗ. ಕಿರಾಣಿ ಅಂಗಡಿಯವನು ಯುಗಾದಿಗೆ ಪುಕ್ಕಟೆ ಕೊಟ್ಟಿದ್ದ ಆ ಪಂಚಾಂಗವನ್ನು ನಾನು ಅಲ್ಲಿಯವರೆಗೆ ಬಿಡಿಸಿ ಸಹ ನೋಡಿರಲಿಲ್ಲ. ಬಾಯಿ ತಾನಾಗಿಯೇ ನುಡಿಯಿತು: "ಅಲ್ಲ ಗೌಡ್ರೇ, ಆಷಾಢ ಬಂತಲ್ಲ!"

ಪಿಳ್ಳಪ್ಪನವರು ಪಟ್ಟನೆ ಹಣೆ ಹೊಡೆದುಕೊಂಡರು. "ಅಯ್ಯೋ ನನ್ ಬುದ್ದಿಗಿಷ್ಟ್ ಮಣ್ಣಾಕ! ಆಸಾಡ್ದಾಗೆ ಸಂಸಾರಸ್ಥರನ್ನ ಮನೆ ಬುಡಿ ಅನ್ನಾಕ್ ಬಂದ್ನಲ್ಲ! ಓದಿದೋರು, ನೀವ್ ಏಳಿದ್ರಿ, ಬದುಕ್ದೆ. ಎಂಗೂ ಆಸಾಡ್ದಾಗೆ ಮದ್ವೆ ಎಣ್ಣು ತವರ್ನಾಗೇ ಇರ್ಬೇಕು. ಸ್ರಾವಣಕ್ ನೋಡಾನ." ನನಗೇ ಕ್ಷಮೆ ಕೇಳಿ ಹೊರಟುಹೋದರು. ಮಾರನೆಯ ದಿನ ಬೆಳಿಗ್ಗೆ ಪ್ರಾಯಶ್ಚಿತ್ತವೆಂಬಂತೆ ಅರ್ಧ ಮೂಟೆ ಕಡಲೆಕಾಯಿ ಬಂತು.

ನಾನು ಅಂದಿನಿಂದ ಪಂಚಾಂಗದ ವಿದ್ಯಾರ್ಥಿಯಾದೆ. ಎಸ್ಸೆಸ್ಸೆಲ್ಸಿಗೆ ಕೂಡ ಅಷ್ಟು ಶ್ರದ್ಧೆಯಿಂದ ಓದಿರಲಿಲ್ಲ. ನಮ್ಮ ಹಿರಿಯರು ಎಷ್ಟು ದೂರಾಲೋಚನೆಯವರು ಎಂಬುದು ಆಗ ತಿಳಿಯಿತು. ಅವರು ಈ ಪಂಚಾಂಗವನ್ನು ಬಾಡಿಗೆದಾರರಿಗೆಂದೇ ಬರೆದಿಟ್ಟಿದ್ದಾರೆ. ಶ್ರಾವಣ ಬಂತು, ಪಿಳ್ಳಪ್ಪನವರೂ ಬಂದರು. ಮನೆಯಲ್ಲಿ ಹೆಂಡತಿ ಮಂಗಳಗೌರಿ ವ್ರತ ಹಿಡಿದಿದ್ದಾಳೆ, ನಡುವೆ ಮನೆ ಬದಲಾಯಿಸಿದರೆ ಗೌರಿಗೆ ವಿಳಾಸ ತಪ್ಪುತ್ತದೆ ಎಂದೆ. ಭಾದ್ರಪದದಲ್ಲಿ ಗೌರಿ, ಗಣೇಶ. ಅದರ ಬೆನ್ನಿಗೇ ಪಿತೃಪಕ್ಷ. "ಪಕ್ಷದಾಗೆ ಬ್ಯಾಡಪ್ಪ" ಎಂದು ಅವರೇ ಹೇಳಿಬಿಟ್ಟರು, ನನಗೆ ಶ್ರಮ ಕೊಡಲಿಲ್ಲ. ನವರಾತ್ರಿಯಲ್ಲಿ ಪಟ್ಟದ ಗೊಂಬೆ ಕೂರಿಸಿದ್ದೆವು. ಕೂತ ರಾಜರಾಣಿಯರನ್ನು ಎಬ್ಬಿಸಿ ಗಾಡಿ ಹತ್ತಿಸುವುದುಂಟೇ? ಕಾರ್ತಿಕದಲ್ಲಿ ತಿಂಗಳೇನೋ ಶುದ್ಧವಾಗಿತ್ತು, ಆದರೆ ನನಗೆ ಚಂದ್ರಬಲ ಇರಲಿಲ್ಲ. ಚಂದ್ರಬಲವೆಂದರೆ ಏನೆಂದು ನನಗೂ ಗೊತ್ತಿರಲಿಲ್ಲ, ಅವರಿಗೂ ಗೊತ್ತಿರಲಿಲ್ಲ. ಅದರಿಂದ ಅದು ಬಹಳ ಚೆನ್ನಾಗಿ ಕೆಲಸ ಮಾಡಿತು. ಆಮೇಲೆ ಧನುರ್ಮಾಸ. ಊಟದ ಬಿಡುವಿನಲ್ಲೂ ನಾನು ಪಂಚಾಂಗ ಹಿಡಿದು ಕೂರುವುದನ್ನು ನೋಡಿ ಸ್ಟೋರ್ಸ್‌ನ ಗೆಳೆಯರು, "ಏನ್ ಗುರು, ಕೆಲಸ ಬಿಟ್ಟು ಜೋಯಿಸ್ರಾಗ್ತೀಯಾ?" ಎಂದು ಕಿಚಾಯಿಸಿದರು.

ಈ ನಡುವೆ "ಮನೆ ಹುಡುಕ್ತಾ ಇದೀನಿ ಗೌಡ್ರೇ, ಸಿಗ್ತಾನೇ ಇಲ್ಲ" ಎಂದೂ ಹೇಳುತ್ತಿದ್ದೆ. ಹುಡುಕುತ್ತಿರಲಿಲ್ಲ. ಸರಸಳಿಗೆ ಈ ವಿಷಯವನ್ನೇ ಹೇಳಿರಲಿಲ್ಲ. ಪಿಳ್ಳಪ್ಪನವರು ಇಂಥ ಮಾತನ್ನು ಗಂಡಸರ ಹತ್ತಿರ ಮಾತ್ರ ಆಡುವವರು. ಅವರು ಬಂದಾಗ ಇವಳು ಒಳಗೆ ಕಾಫಿಗೆ ನೀರಿಡುವಳು. ಕಾಫಿ ಬರುವಷ್ಟರಲ್ಲಿ ಯಾವುದಾದರೊಂದು ತಿಥಿ ನನ್ನ ಕೈಹಿಡಿದಿರುತ್ತಿತ್ತು.

ಮಾಘ ಮಾಸದಲ್ಲಿ ನನ್ನ ವಿದ್ಯೆಯೆಲ್ಲ ಖಾಲಿಯಾಯಿತು. ತಿಂಗಳು ಒಳ್ಳೆಯದು, ದಿನಗಳು ಒಳ್ಳೆಯವು, ದರಿದ್ರ ಚಂದ್ರಬಲ ಕೂಡ ಬಂದುಬಿಟ್ಟಿತ್ತು. ಅಷ್ಟರಲ್ಲಿ ದೇವರು ಕಣ್ಣುಬಿಟ್ಟ. ಸರಸ ಬಸುರಿ ಎಂದು ಗೊತ್ತಾಯಿತು. ಮೊದಲ ಸಲ ತಂದೆಯಾಗುವವನಿಗೆ ಆ ಗಳಿಗೆಯಲ್ಲಿ ಏನೇನೋ ಮಧುರ ಭಾವನೆಗಳು ಬರುತ್ತವೆ ಎಂದು ಕೇಳಿದ್ದೇನೆ. ನನಗೆ ಬಂದ ಮೊದಲ ಭಾವನೆ: ಬಸುರಿ ಇರುವ ಮನೆಯನ್ನು ಬದಲಾಯಿಸಬಾರದು. ಇದನ್ನು ಬರೆಯದೆ ಬಿಡಬಹುದಿತ್ತು. ಆದರೆ ತಪ್ಪೊಪ್ಪಿಗೆ ಎಂದ ಮೇಲೆ ಪೂರ್ತಿ ಇರಬೇಕು. ಹೆರಿಗೆಗೆ ಅತ್ತೆಯವರನ್ನೇ ಇಲ್ಲಿಗೆ ಕರೆಸಿಕೊಂಡರೆ ಬಾಣಂತನದ ತಿಂಗಳುಗಳೂ ಸಿಗುತ್ತವೆ ಎಂದು ಅದೇ ರಾತ್ರಿ ಲೆಕ್ಕ ಹಾಕಿದೆ. ಹಸಿ ಬಾಣಂತಿಯನ್ನು ಹೊರಗೆ ಹಾಕುವ ಮಾಲೀಕ ಬೆಂಗಳೂರಿನಲ್ಲೇ ಇನ್ನೂ ಹುಟ್ಟಿರಲಿಲ್ಲ, ಮತ್ತಿಕೆರೆಯಲ್ಲಿ ಎಲ್ಲಿಂದ ಹುಟ್ಟಬೇಕು?

ಪಿಳ್ಳಪ್ಪನವರು ಸುದ್ದಿ ಕೇಳಿ ನಿಜವಾಗಿಯೂ ಸಂತೋಷಪಟ್ಟರು. ಮುಖದಲ್ಲಿ ಒಂದು ಕ್ಷಣ ಏನೋ ಇಳಿದುಹೋದದ್ದನ್ನು ನಾನು ನೋಡಿದೆ, ನೋಡಲಿಲ್ಲವೆಂದುಕೊಂಡೆ. "ಒಳ್ಳೇದಾಗ್ಲಿ ತಾಯಿಗೆ" ಎಂದು ಹೇಳಿ ಹೋದರು. ಅಂದಿನಿಂದ ಒಂದು ಚೊಂಬು ಹಸುವಿನ ಹಾಲು ಬರತೊಡಗಿತು.

ಇನ್ನು ಅಳಿಯ ಕೆಂಪಣ್ಣನ ವಿಷಯ. ಮನೆ ಸಿಗುವವರೆಗೆ ಅವನು ಗೊರಗುಂಟೆಪಾಳ್ಯದಲ್ಲಿ ನಾಲ್ಕು ಜನ ಫಿಟ್ಟರುಗಳ ಜೊತೆ ಒಂದು ಕೋಣೆಯಲ್ಲಿದ್ದ. ಮಾವನ ಮನೆಯಲ್ಲೇ ಇರು ಎಂದರೆ, ಮನೆಯಳಿಯ ಎನ್ನಿಸಿಕೊಳ್ಳಲು ಮಾನಸ್ಥನಾದ ಹುಡುಗ ಒಪ್ಪಲಿಲ್ಲ. ಭಾನುವಾರ ಮಾತ್ರ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು ಸೈಕಲ್ಲಿನಲ್ಲಿ ಬರುವನು. ಮಾವನ ಮನೆಯಲ್ಲಿ ಊಟ ಮಾಡಿ, ಅಲ್ಲಿ ದೊಡ್ಡವರ ಮುಂದೆ ಕೂರಲು ಸಂಕೋಚಪಟ್ಟು, ನಮ್ಮ ಜಗಲಿಗೆ ಬಂದು ಕೂರುವನು. ಅವನು ಕೂತ ಸ್ವಲ್ಪ ಹೊತ್ತಿಗೆ ರತ್ನ ಕೊಡ ಹಿಡಿದು ನಮ್ಮ ಬಾವಿಗೆ ನೀರಿಗೆ ಬರುವಳು. ಅವರ ಹಿತ್ತಲಲ್ಲೇ ಬೇರೆ ಬಾವಿಯಿತ್ತು. ನಮ್ಮ ಬಾವಿಯ ನೀರು ಸಿಹಿ, ಬೇಳೆ ಚೆನ್ನಾಗಿ ಬೇಯುತ್ತದೆ ಅಂತ ಬರುತ್ತಾಳೆ ಎಂದುಕೊಂಡಿದ್ದೆ. ಅತಿಥಿಯನ್ನು ಒಬ್ಬನೇ ಬಿಡುವುದು ಮರ್ಯಾದೆಯಲ್ಲವೆಂದು ನಾನು ಪೇಪರ್ ಹಿಡಿದು ಕೆಂಪಣ್ಣನ ಪಕ್ಕದಲ್ಲೇ ಕೂತು, ದೇಶವಿದೇಶದ ಸುದ್ದಿಯನ್ನೆಲ್ಲ ಗಟ್ಟಿಯಾಗಿ ಓದಿ ಅರ್ಥ ಹೇಳುತ್ತಿದ್ದೆ. ಅವನು "ಹೂಂ ಸಾರ್, ಹೂಂ ಸಾರ್" ಎನ್ನುವನು. ಕಣ್ಣು ಬಾವಿಯ ರಾಟೆಯ ಮೇಲೆ. ಅವಳು ಒಂದು ಕೊಡ ಸೇದುವಷ್ಟರಲ್ಲಿ ನಾನು ಒಂದು ಪುಟ ಮುಗಿಸುತ್ತಿದ್ದೆ. "ಸಾರು ಸಪ್ಗಾಗಿತ್ತಾ?" ಎಂದು ಅವಳು ಬಾವಿಕಟ್ಟೆಯಿಂದ ಕೇಳುವಳು. "ಇಲ್ಲ, ಸರ್ಯಾಗಿತ್ತು" ಎಂದು ಇವನು ಹೇಳುವನು. ಅಷ್ಟೇ ಅವರ ಒಂದು ವಾರದ ದಾಂಪತ್ಯ. ಅದರ ಮಧ್ಯೆ ನಾನು ಕೂತು ಪ್ರಪಂಚದ ರಾಜಕೀಯ ಸರಿಪಡಿಸುತ್ತಿದ್ದೆ.

ಊರಿನವರು ಸುಮ್ಮನಿರುತ್ತಾರೆಯೇ? ಅರಳಿಕಟ್ಟೆಯ ಹತ್ತಿರ ಯಾರೋ, "ಏನ್ ಪಿಳ್ಳಣ್ಣ, ಮಗಳ್ನ ಮದ್ವೆ ಮಾಡ್ಕೊಟ್ಯೋ, ಅಳಿಯಂಗೆ ತೋರ್ಸಿ ಇಟ್ಕಂಡ್ಯೋ?" ಎಂದದ್ದು ನನ್ನ ಕಿವಿಗೂ ಬಿತ್ತು. ಪಿಳ್ಳಪ್ಪನವರು ಟವೆಲ್ಲು ಕೊಡವಿಕೊಂಡು ನಡೆದರು. ಬಾಗಲೂರಿನ ಬೀಗರು, ಮಾತು ಕೊಟ್ಟದ್ದು ನೆನಪಿದೆಯೇ ಎಂದು ಹೇಳಿಕಳಿಸಿದ್ದರಂತೆ. ಬರುವ ಆಷಾಢ ಕಳೆಯುವುದರೊಳಗೆ ಮನೆ ಆಗದಿದ್ದರೆ ಮಗನಿಗೆ ಕೆಲಸ ಬಿಡಿಸಿ, ಸೊಸೆಯನ್ನು ಬಾಗಲೂರಿಗೇ ಕರೆದುಕೊಂಡು ಹೋಗಿ ಹೊಲಕ್ಕೆ ಹಾಕುತ್ತೇವೆ ಎಂದರಂತೆ. ಪಿಳ್ಳಪ್ಪನವರು ಇದನ್ನು ನನಗೆ ಹೇಳಿದರು, ಆದರೆ ಕೇಳಿಕೊಳ್ಳಲಿಲ್ಲ. ಸಮಾಚಾರ ಹೇಳುವ ಹಾಗೆ ಹೇಳಿದರು. ನಾನೂ ಸಮಾಚಾರ ಕೇಳುವ ಹಾಗೆ ಕೇಳಿ, "ಹೌದಾ!" ಎಂದೆ.

ಹೀಗೆ ಒಂದು ಸುತ್ತು ತಿರುಗಿ ಮತ್ತೆ ಆಷಾಢ ಬಂತು. ಸರಸಳಿಗೆ ಎಂಟನೆಯ ತಿಂಗಳು. ಒಂದು ಮಂಗಳವಾರ, ಮಧ್ಯಾಹ್ನದ ಊಟಕ್ಕೆ ಮನೆಗೆ ಬಂದೆ. ಬಾಗಿಲಲ್ಲಿ ಪಿಳ್ಳಪ್ಪನವರ ಎತ್ತಿನ ಗಾಡಿ ನಿಂತಿತ್ತು. ಗಾಡಿಯಲ್ಲಿ ನಮ್ಮ ಟ್ರಂಕು, ಟ್ರಂಕಿನ ಮೇಲೆ ನಮ್ಮ ತಂದೆಯವರು. ಸರಸ ನಡುಮನೆಯಲ್ಲಿ ಹಾಸಿಗೆ ಸುತ್ತುತ್ತಿದ್ದಳು.

"ಏನೇ ಇದು?" ಎಂದೆ.

ಅವಳು ತಲೆ ಎತ್ತಲಿಲ್ಲ. "ಇವತ್ತು ರತ್ನನ್ನ ಕೇಳಿದೆ. ಇಷ್ಟು ದಿನ ಆಯ್ತು, ನಿನ್ನ ಗಂಡ ಇನ್ನೂ ಯಾಕಮ್ಮ ಮನೆ ಮಾಡಿಲ್ಲ ಅಂತ. ಏನಂದಳು ಗೊತ್ತಾ? 'ಮನೆ ಐತಲ್ಲ ಅಕ್ಕಾ, ನೀವು ಅದ್ರಾಗ್ ಅವ್ರಿ' ಅಂದಳು. ಕೋಪ ಇಲ್ಲ, ಏನಿಲ್ಲ. ಹೀಗೇ, ನೀರು ಸೇದ್ತಾ. ನೀವು ವರ್ಷವೆಲ್ಲ ಪಂಚಾಂಗ ಓದಿದ್ದು ಯಾಕೆ ಅಂತ ಆಗ ತಿಳೀತು." ಹಾಸಿಗೆಗೆ ಹಗ್ಗ ಬಿಗಿದಳು. "ಇವತ್ತು ಏನು ವಾರ?"

"ಮಂಗಳವಾರ."

"ಮಾಸ?"

"ಆಷಾಢ. ಅಲ್ಲ ಕಣೇ..."

"ರಾಹುಕಾಲ ಎಷ್ಟು ಹೊತ್ತಿಗೆ?"

"ಮೂರು ಗಂಟೆಗೆ."

"ಸರಿ. ಆ ಹೊತ್ತಿಗೆ ಹೊರಡೋಣ. ಇದಕ್ಕಿಂತ ಕೆಟ್ಟ ಮುಹೂರ್ತ ನಿಮ್ಮ ಪಂಚಾಂಗದಲ್ಲಿ ಇದ್ದರೆ ಹೇಳಿ, ಕಾಯ್ತೀನಿ."

ಮನೆ ಎಲ್ಲಿದೆ ಹೋಗುವುದಕ್ಕೆ ಎಂದು ಕೇಳಿದೆ. ಒಂದು ವರ್ಷದಿಂದ ಹುಡುಕಿದರೂ ನನಗೆ ಸಿಗದ ಮನೆ, ಮೊಸರಿನವಳು ಒಂದು ಪಾವು ಮೊಸರು ಅಳೆಯುವಷ್ಟರಲ್ಲಿ ಇವಳಿಗೆ ಸಿಕ್ಕಿತ್ತು. ಯಶವಂತಪುರ ಸ್ಟೇಷನ್ನಿನ ಹಿಂದೆ, ಎರಡು ಕೋಣೆ, ಕತ್ತಲು. ಆದರೆ ಖಾಲಿ.

ಗಾಡಿ ಹೇಗೆ ಬಂತೆಂದರೆ, ಇವಳೇ ಹೇಳಿಕಳಿಸಿ ಕೇಳಿದ್ದಳು. ಚೊಚ್ಚಲ ಬಸುರಿ ಗಾಡಿ ಕೇಳಿದರೆ ತವರಿಗೆ ಹೊರಟಿದ್ದಾಳೆ ಎಂದೇ ಪಿಳ್ಳಪ್ಪನವರು ತಿಳಿದು, ಗಾಡಿಗೆ ಹೊಸ ಹುಲ್ಲು ಹಾಸಿ, ಮೇಲೆ ಕಂಬಳಿ ಹೊದಿಸಿ ಕಳಿಸಿದ್ದರು. ಹೊಲದಿಂದ ಬಂದವರು ತಾಯಿಯನ್ನು ಬೀಳ್ಕೊಡೋಣವೆಂದು ನಗುನಗುತ್ತಾ ಬಂದರು. ಆ ಹೊತ್ತಿಗೆ ಗಾಡಿ ಹೊಡೆಯುವ ಆಳು ನಮ್ಮ ಒರಳುಕಲ್ಲನ್ನು ಉರುಳಿಸಿಕೊಂಡು ಬಾಗಿಲು ದಾಟಿಸುತ್ತಿದ್ದ. ಪಿಳ್ಳಪ್ಪನವರ ನಗು ನಿಂತಿತು.

"ಇದೇನ್ ತಾಯಿ! ಬಾಣಂತನಕ್ಕೆ ಓಗೋರು ಒರಳ್ಕಲ್ ತಗಂಡ್ ಓಯ್ತಾರಾ?"

"ಮನೆ ಖಾಲಿ ಮಾಡ್ತಾ ಇದೀವಿ ಗೌಡ್ರೇ" ಎಂದಳು ಸರಸ.

ಪಿಳ್ಳಪ್ಪನವರು ಹೋಗಿ ಎತ್ತುಗಳ ಮುಂದೆ ನಿಂತು, ಎರಡೂ ಕೈಯಿಂದ ನೊಗ ಹಿಡಿದುಬಿಟ್ಟರು. "ಆಸಾಡ, ಮಂಗಳ್ವಾರ, ತುಂಬಿದ್ ಬಸುರಿ! ನನ್ ಮಗಳು ಬಾಳ್ಬೇಕಾದ್ ಮನೆ ಇದು. ನಿಮ್ನ ಇಂಗೆ ಓಡ್ಸಿ ಅವ್ಳು ಒಳಕ್ ಬಂದ್ರೆ ಉದ್ಧಾರ ಆಯ್ತಾಳಾ? ಬ್ಯಾಡ ತಾಯಿ. ನಮ್ ಮರ್ವಾದೆ ಓದ್ರೆ ಓಗ್ಲಿ." ಆಮೇಲೆ ನನ್ನ ಕಡೆ ತಿರುಗಿದರು. "ಸ್ವಾಮೀ, ನೀವಾರ ಏಳಿ. ಇದೆಲ್ಲ ನಮ್ಗೆ ತಿಳಿಸ್ ಕೊಟ್ಟೋರು ನೀವು."

ಅಷ್ಟು ಹೊತ್ತಿಗೆ ಅವರ ಹೆಂಡತಿ ನಂಜಮ್ಮ, ರತ್ನ, ದಾರಿಯಲ್ಲಿ ಹೋಗುವ ನಾಲ್ಕಾರು ಜನ ಎಲ್ಲ ಸೇರಿದ್ದರು. ಸರಸ ನನ್ನನ್ನೇ ನೋಡುತ್ತಿದ್ದಳು. ನಾನು ಹೇಳಿದೆ: "ಗೌಡ್ರೇ, ಅದೆಲ್ಲ ಸುಳ್ಳು. ಮನೆ ಬಿಡಬಾರದು ಅಂತ ನಾನೇ ಹುಡುಕಿ ಹುಡುಕಿ ಹೇಳಿದ್ದು. ನನಗೆ ಶಾಸ್ತ್ರನೂ ಗೊತ್ತಿಲ್ಲ, ಚಂದ್ರಬಲನೂ ಗೊತ್ತಿಲ್ಲ."

ನನ್ನ ಜೀವಮಾನದಲ್ಲಿ ನಾಲ್ಕು ಜನರ ಎದುರು ಅಷ್ಟು ನಿಜವನ್ನು ಒಟ್ಟಿಗೆ ಆಡಿದ್ದು ಅದೊಂದೇ ಸಲ. ಪಿಳ್ಳಪ್ಪನವರು ನನ್ನ ಮುಖ ನೋಡಿದರು. ಅವರ ಕಣ್ಣಲ್ಲಿ ನೀರು ತುಂಬಿತು. ಸೇರಿದ್ದವರ ಕಡೆ ತಿರುಗಿ ಹೇಳಿದರು: "ನೋಡ್ರಪ್ಪಾ, ಓದಿದೋರ್ ಮನ್ಸು ಅಂದ್ರೆ ಇದು! ನನ್ ಮಗಳು ಸಂಸಾರ ಮಾಡ್ಲಿ ಅಂತಾವ, ಕಲ್ತ ಸಾಸ್ತ್ರಾನೇ ಸುಳ್ಳು ಅಂತಾವ್ರೆ! ಆ ಪಾಪಾನೆಲ್ಲ ತಮ್ ತಲೆ ಮ್ಯಾಲ್ ಆಕ್ಕಂತಾವ್ರೆ!"

"ಅಲ್ಲ ಗೌಡ್ರೇ, ನಿಜವಾಗಲೂ..." ಎಂದೆ.

"ಇನ್ನೊಂದ್ ಮಾತಾಡ್ಬ್ಯಾಡಿ ಸ್ವಾಮೀ, ನನ್ ಕೈನಾಗ್ ತಡಿಯಕಾಗಲ್ಲ" ಎಂದು ಅವರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ನಂಜಮ್ಮ ದೂರದಿಂದಲೇ ನನಗೆ ಕೈಮುಗಿದರು. ದಾರಿಹೋಕರಲ್ಲಿ ಒಬ್ಬ, "ದೊಡ್ಡೋರು" ಎಂದ. ಸುಳ್ಳು ಹೇಳಿದಾಗ ನಂಬಿದ ಜನ, ನಿಜ ಹೇಳಿದಾಗ ಕೈಮುಗಿದರೆ ಮನುಷ್ಯ ಏನು ಮಾಡಬೇಕು? ನೊಗ ಮಾತ್ರ ಪಿಳ್ಳಪ್ಪನವರು ಬಿಡಲಿಲ್ಲ.

ಆಗ ಸರಸ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು. "ಗೌಡ್ರೇ, ಶಾಸ್ತ್ರ ಇವರೊಬ್ಬರಿಗೇ ಗೊತ್ತಾ? ನಾನೊಂದು ಹೇಳ್ತೀನಿ ಕೇಳಿ. ಮನೆಯಲ್ಲಿ ದೀಪ ಉರೀತಾ ಇದ್ದು, ಒರಳುಕಲ್ಲು ಅದರ ಜಾಗದಲ್ಲಿ ಇದ್ದರೆ, ಆ ಮನೆ ಖಾಲಿ ಮಾಡಿದ ಹಾಗಲ್ಲ. ಸಂಸಾರಸ್ಥರು ನೆಂಟರ ಮನೆಗೆ ಹೋಗಿದಾರೆ ಅಂತ ಅರ್ಥ. ನಾನು ದೀಪ ಹಚ್ಚಿಟ್ಟು ಹೋಗ್ತೀನಿ. ರತ್ನ ಎಣ್ಣೆ ಹಾಕ್ತಾ ಇರಲಿ. ಶ್ರಾವಣ ಹುಟ್ಟಿದ ದಿನ ಗಂಡ ಹೆಂಡತಿ ಬಂದು ಹಾಲುಕ್ಕಿಸಲಿ. ಅಲ್ಲೀವರೆಗೆ ನಾವು ಮನೆ ಬಿಟ್ಟಿಲ್ಲ. ಆಮೇಲೆ ಆಷಾಢ ಇರಲ್ಲ. ಏನಂತೀರಿ?"

ಪಿಳ್ಳಪ್ಪನವರು ನನ್ನ ಕಡೆ ನೋಡಿದರು. ಓದಿದವನ ಒಪ್ಪಿಗೆ ಬೇಕಾಗಿತ್ತು. "ಇದು... ಐತಾ ಸ್ವಾಮೀ, ಸಾಸ್ತ್ರದಾಗೆ?"

"ಇದೆ" ಎಂದೆ. ಅಂಥದ್ದೇನೂ ಇಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಒಂದು ವರ್ಷ ಅದನ್ನೇ ಓದಿದ್ದೆನಲ್ಲ. ನನ್ನ ಪಂಚಾಂಗ ಪಾಂಡಿತ್ಯದಿಂದ ಯಾರಿಗಾದರೂ ಉಪಕಾರವಾಗಿದ್ದರೆ ಅದು ಆ ಒಂದು ಸುಳ್ಳಿನಿಂದ ಮಾತ್ರ.

ಪಿಳ್ಳಪ್ಪನವರು ನೊಗ ಬಿಟ್ಟರು. ಒರಳುಕಲ್ಲು ಉರುಳಿಕೊಂಡು ವಾಪಸು ಒಳಗೆ ಹೋಯಿತು. ನಂಜಮ್ಮ ಓಡಿಹೋಗಿ ಅಕ್ಕಿ, ಬೆಲ್ಲ, ಕೊಬ್ಬರಿ ತಂದು ಇವಳ ಮಡಿಲು ತುಂಬಿದರು. ರತ್ನ ಇವಳ ಕೈ ಹಿಡಿದುಕೊಂಡು ಗಾಡಿಯ ಜೊತೆಗೆ ಕೆರೆ ಏರಿಯವರೆಗೂ ನಡೆದು ಬಂದಳು. ನಾನು ತಂದೆಯವರನ್ನು ತೊಡೆಯ ಮೇಲೆ ಇಟ್ಟುಕೊಂಡು ಗಾಡಿಯ ಹಿಂದುಗಡೆ ಕೂತಿದ್ದೆ. ಅವರು ಎಂದಿನಂತೆ ಸಣಕಲಾಗಿಯೇ ಇದ್ದರು. ಆದರೆ ಅವತ್ತು ಬಹಳ ಭಾರವಾಗಿದ್ದರು.

ಶ್ರಾವಣದಲ್ಲಿ ಹಾಲುಕ್ಕಿಸುವ ದಿನ ನಮಗೆ ಕರೆ ಬಂತು. ಸರಸ ದಿನ ತುಂಬಿದವಳು, ಬರುವ ಹಾಗಿರಲಿಲ್ಲ, ನಾನೊಬ್ಬನೇ ಹೋದೆ. ಕೆಂಪಣ್ಣ ಜಗಲಿಯ ಮೇಲೆ ನಾನು ಕೂರುತ್ತಿದ್ದ ಜಾಗದಲ್ಲೇ ಕೂತಿದ್ದ. ನನ್ನನ್ನು ನೋಡಿ ಎದ್ದು ಬಂದು ಕಾಲಿಗೆ ಬಿದ್ದ. ಪಿಳ್ಳಪ್ಪನವರು ಬಾಗಲೂರಿನ ಬೀಗರ ಪಂಕ್ತಿಯಲ್ಲಿ ಮೊದಲನೆಯ ಎಲೆಗೆ ನನ್ನನ್ನು ಕೂರಿಸಿ, ನನ್ನ ತ್ಯಾಗದ ಕಥೆಯನ್ನು ಮೊದಲಿಂದ ಹೇಳಿದರು. ಕಥೆ ಆಗಲೇ ಸ್ವಲ್ಪ ಬೆಳೆದಿತ್ತು. ಅದರಲ್ಲಿ ಮಳೆಯೂ ಬರುತ್ತಿತ್ತು. ಬೀಗರ ಮುಂದೆ ಅವರ ತಲೆ ಎತ್ತಿತ್ತು, ಮಾತು ಉಳಿದಿತ್ತು, ಮಗಳು ಒಲೆಯ ಮುಂದೆ ಕೂತು ಉಕ್ಕುವ ಹಾಲು ನೋಡಿ ನಗುತ್ತಿದ್ದಳು. ಅಂಥ ಹೊತ್ತಿನಲ್ಲಿ "ನಾನು ಕಳ್ಳ" ಎಂದು ಮತ್ತೆ ಹೇಳಿ ಊಟ ಕೆಡಿಸುವುದು ಹೇಗೆ? ಬಡಿಸಿದ ಒಬ್ಬಟ್ಟನ್ನೆಲ್ಲ ತಿಂದೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚೆನ್ನಾಗಿರುತ್ತಿತ್ತು. ಇಳಿಯಿತು. ಎರಡನೆಯ ಸಲ ಕೇಳಿಯೂ ಹಾಕಿಸಿಕೊಂಡೆ.

ಆ ಒರಳುಕಲ್ಲನ್ನು ಮತ್ತೆ ನಾವು ತರಲಿಲ್ಲ. ಹೊಸ ಮನೆಯಲ್ಲಿ ಅತ್ತೆಯವರು ಪಕ್ಕದ ಮನೆಯ ಒರಳಿಗೆ ಹೋಗಿ ರುಬ್ಬಿಕೊಂಡು ಬರಬೇಕಾಯಿತು. ಪ್ರತಿ ಸಲವೂ, "ನಿಮ್ಮ ಮನೇಲಿ ಒರಳುಕಲ್ಲು ಯಾಕಿಲ್ಲ?" ಎಂದು ನನ್ನನ್ನು ಕೇಳುವರು. ನಾನು ಪೇಪರ್ ಓದುವೆನು. ಯಶವಂತಪುರದ ಮನೆ ಸೋರುತ್ತಿತ್ತು, ರೈಲು ಬಂದಾಗ ನಡುಗುತ್ತಿತ್ತು, ಆದರೂ ಮಗು ಅಲ್ಲೇ ಸುಖವಾಗಿ ಹುಟ್ಟಿತು. ಆಷಾಢ ಏನೂ ಮಾಡಲಿಲ್ಲ. ಅವರೆಕಾಯಿ ಕಾಲ ಬಂದಾಗ ಕೆಂಪಣ್ಣ ಸೈಕಲ್ಲಿನ ಕ್ಯಾರಿಯರ್ ಮೇಲೆ ಒಂದು ಮೂಟೆ ಕಟ್ಟಿಕೊಂಡು ಬಂದು ಕೊಟ್ಟು, "ಮಾವ ಕೊಟ್ಟವ್ರೆ ಸಾರ್" ಎಂದು ಹೇಳಿ, ನಾನು ಪೇಪರ್ ಎತ್ತಿಕೊಳ್ಳುವುದರೊಳಗೆ ಓಡಿಹೋದ.

ಅದಾಗಿ ಬಹಳ ಕಾಲ ಕಳೆಯಿತು. ಪಿಳ್ಳಪ್ಪನವರು ಕೊನೆಯವರೆಗೂ ನನ್ನನ್ನು ದೊಡ್ಡ ಮನುಷ್ಯ ಎಂದೇ ನಂಬಿ ತೀರಿಕೊಂಡರು. ನಾನು ಸ್ವಂತ ಮನೆ ಕಟ್ಟಿಸಲಿಲ್ಲ. ಆರ್.ಟಿ. ನಗರದಲ್ಲಿ ಮಗ ಕಟ್ಟಿಸಿದ. ಅವನ ಮನೆಯಲ್ಲಿ ರಸ್ತೆಯ ಕಡೆಗೆ ಕಿಟಕಿಯಿರುವ ಮುಂದಿನ ಕೋಣೆ ನಮ್ಮದು. ಬಾಡಿಗೆ ಇಲ್ಲ, ಮೊಳೆ ಹೊಡೆಯಲು ಅಪ್ಪಣೆ ಬೇಕಿಲ್ಲ, ಕಿಟಕಿಯಲ್ಲಿ ದಾರಿಹೋಕರ ದರ್ಶನ. ಇಲ್ಲಿ ಕೂತು, ಮಾಡಿದ ತಪ್ಪಿಗೆ ಪಶ್ಚಾತ್ತಾಪಪಡುವುದು ಬಹಳ ಹಿತವಾಗಿತ್ತು. ಮೊನ್ನೆ ಮಗ ಬಂದು ಮಂಚದ ತುದಿಯಲ್ಲಿ ಕೂತ. ಬಿಸಿಲಿನ ಬಗ್ಗೆ ಮಾತಾಡಿದ. ನನ್ನ ಮಂಡಿನೋವಿನ ಬಗ್ಗೆ ಕೇಳಿದ. ಎದ್ದು ಹೋಗಿ ಮತ್ತೆ ಬಂದ. ನನಗೆ ಆಗಲೇ ಗೊತ್ತಾಯಿತು.

"ಅಪ್ಪಾ, ನಿಮ್ಮ ಮೊಮ್ಮಗನ ಮದುವೆ ಆಯ್ತಲ್ಲ. ಹೊಸ ಹುಡುಗರು, ಅವರಿಗೊಂದು ಕೋಣೆ ಬೇಕು. ನೀವು, ಅಮ್ಮ, ಹಿಂದಿನ ಕೋಣೆಗೆ..."

"ಅದಕ್ಕೇನಪ್ಪ, ಧಾರಾಳವಾಗಿ" ಎಂದೆ. ಬಾಯಿ ಹಾಗೆಂದಿತು. ಕೈ ಕನ್ನಡಕ ಹುಡುಕಿಕೊಂಡು, ಮೊಳೆಯಲ್ಲಿ ನೇತಾಡುತ್ತಿದ್ದ ಪಂಚಾಂಗಕ್ಕೆ ಹೋಗಿತ್ತು. ಪುಟ ತಿರುವಿದೆ. ಮುಂದಿನ ಪುಟವನ್ನೂ ತಿರುವಿದೆ. ಹಿಂದಿನಿಂದ ಸದ್ದಾಯಿತು. ತಿರುಗಿ ನೋಡಿದರೆ, ಬೆನ್ನು ಬಗ್ಗಿದ ಈ ವಯಸ್ಸಿನಲ್ಲೂ ಸರಸ ಹಾಸಿಗೆ ಸುತ್ತುತ್ತಿದ್ದಳು.

"ಇವತ್ತು ಏನು ವಾರ?" ಎಂದಳು.

"ಗುರುವಾರ" ಎಂದೆ. "ದಶಮಿ. ಮಾಸ ವೈಶಾಖ." ಇನ್ನೊಂದು ಸಲ ಹುಡುಕಿ ನೋಡಿದೆ. ಚಂದ್ರಬಲ ಕೂಡ ಇತ್ತು. "ದಿನ ಬಹಳ ಚೆನ್ನಾಗಿದೆ ಕಣೇ" ಎಂದೆ, ಸೋತ ದನಿಯಲ್ಲಿ.

"ಹಾಗಾದರೆ ದಿಂಬು ನೀವು ತನ್ನಿ."

ದಿಂಬು ಎತ್ತಿಕೊಂಡು ಅವಳ ಹಿಂದೆ ಹೊರಟೆ. ಬಾಗಿಲು ದಾಟುವ ಮುಂಚೆ ಪಂಚಾಂಗವನ್ನು ಮಾತ್ರ ವಾಪಸು ಅದರ ಮೊಳೆಗೇ ತಗುಲಿಹಾಕಿದೆ. ಅಲ್ಲೇ ಇರಲಿ. ಪಂಚಾಂಗ ನೇತಾಡುತ್ತಿರುವ ಕೋಣೆ ಪೂರ್ತಿ ಖಾಲಿ ಮಾಡಿದ ಹಾಗಲ್ಲ.